ಅಪ್ಪನ ಹಳೇ ಡಿವಿಡಿ ಪ್ಲೇಯರ್‌ಗೆ ಯಕ್ಷಗಾನದ ಡಿಸ್ಕ್ ಮಾಡುವುದು ಹೇಗೆ?

ಅಡಿಕೆತೋಟ:

ಸ್ವಲ್ಪ ಹಳೇ ಕಾಲದ ಪ್ರಶ್ನೆ. ಈಗ ಡಿವಿಡಿ ಯಾರು ನೋಡುತ್ತಾರೆ ಅಂತ ನಗಬೇಡಿ.

ನಮ್ಮ ಮನೆ ಶಿರಸಿ ಕಡೆ. ನಾನಿರುವುದು ಬೆಂಗಳೂರಲ್ಲಿ. ಅಪ್ಪನಿಗೆ ಯಕ್ಷಗಾನದ ಹುಚ್ಚು. ಮೊದಲೆಲ್ಲ ಟಾರ್ಚ್ ಹಿಡಿದು ಆಟಕ್ಕೆ ಹೋಗಿ ಬೆಳಗಿನ ಜಾವ ಮನೆಗೆ ಬರುತ್ತಿದ್ದರು. ಈಗ ಸೊಂಟ ನೋವು, ಅಷ್ಟು ಹೊತ್ತು ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ. ಮನೆಯಲ್ಲಿ 21 ಇಂಚಿನ ದಪ್ಪ ಟಿವಿ, ಅದರ ಕೆಳಗೆ ಡಿವಿಡಿ ಪ್ಲೇಯರ್. ಎರಡೂ ಚೆನ್ನಾಗಿ ನಡೆಯುತ್ತಿವೆ. ಪಕ್ಕದ ಗೂಡಿನಲ್ಲಿ ಆಟ, ತಾಳಮದ್ದಲೆಯ ವಿಸಿಡಿಗಳ ಸಾಲು. ಮೊಬೈಲ್‌ನಲ್ಲಿ ನೋಡಿ ಅಂದರೆ "ಅಷ್ಟು ಸಣ್ಣದರಲ್ಲಿ ಯಾವ ವೇಷ ಅಂತಲೇ ಗೊತ್ತಾಗುವುದಿಲ್ಲ" ಅನ್ನುತ್ತಾರೆ. ನೆಟ್‌ವರ್ಕ್ ವಿಷಯ ಕೇಳಲೇಬೇಡಿ.

ಈ ಸಲ ಊರ ದೇವಸ್ಥಾನದ ಎದುರು ಬಡಗುತಿಟ್ಟಿನ ಆಟ ಆಯಿತು. ಕಾಲಮಿತಿಯದ್ದೇ, ಆದರೂ 3 ಗಂಟೆ 40 ನಿಮಿಷ ಬಂದಿದೆ. ನಮ್ಮ ಭಾವ ಕ್ಯಾಮ್‌ಕಾರ್ಡರ್ ಸ್ಟ್ಯಾಂಡ್ ಮೇಲಿಟ್ಟು ಪೂರ್ತಿ ತೆಗೆದಿದ್ದಾರೆ. ನಾನು ರಂಗಸ್ಥಳದ ಹತ್ತಿರ ನಿಂತು ಮೊಬೈಲ್‌ನಲ್ಲಿ ಒಂದಷ್ಟು ತೆಗೆದೆ. ಮೊಬೈಲ್‌ನದ್ದು ಎಂಪಿ4. ಕ್ಯಾಮೆರಾದ್ದು ಎಂಟಿಎಸ್ ಅಂತ ಇದೆ, ತುಂಡು ತುಂಡಾಗಿ, ಒಂದೊಂದು ತುಂಡೂ ಸುಮಾರು 2 ಜಿಬಿ.

ಪೇಟೆಯಲ್ಲಿ ಒಂದು ಅಂಗಡಿಯವರಿಗೆ ಕೊಟ್ಟೆ. ಡಿವಿಡಿ ಮಾಡಿಕೊಟ್ಟರು. ಅವರ ಕಂಪ್ಯೂಟರ್‌ನಲ್ಲಿ ಓಡಿತು, ನನ್ನ ಲ್ಯಾಪ್‌ಟಾಪ್‌ನಲ್ಲೂ ಓಡಿತು. ಅಪ್ಪನ ಪ್ಲೇಯರ್‌ಗೆ ಹಾಕಿದರೆ ಸ್ವಲ್ಪ ಹೊತ್ತು ಗುರ್ ಅಂದು 'ನೋ ಡಿಸ್ಕ್' ಅಂತ ತೋರಿಸಿತು. ಡಿಸ್ಕ್ ಒಳಗೆ ನೋಡಿದರೆ ಎಂಪಿ4 ಫೈಲ್‌ಗಳೇ ಇವೆ.

ವಿಂಡೋಸ್ ಲ್ಯಾಪ್‌ಟಾಪ್ ಇದೆ. ಯುಎಸ್‌ಬಿ ಡಿವಿಡಿ ರೈಟರ್ ಒಂದನ್ನು ಗೆಳೆಯನ ಹತ್ತಿರ ಇಸಿದುಕೊಂಡಿದ್ದೇನೆ. ದುಡ್ಡು ಕೊಡದೆ ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಬಹುದು? ಪೂರ್ತಿ ಆಟ ಒಂದೇ ಡಿಸ್ಕ್‌ನಲ್ಲಿ ಹಿಡಿಯುತ್ತದಾ? ಇನ್ನೊಂದು ಮಾತು, ಅಪ್ಪ ರಿಮೋಟ್ ಮುಟ್ಟುವುದಿಲ್ಲ. ಟ್ರೇ ತೆಗೆಯುವುದು, ಹಾಕುವುದು, ಅಷ್ಟೇ.


ಪೆನ್‌ಡ್ರೈವ್‌ಪಕ್ಷ:

ಡಿಸ್ಕ್ ಯಾಕೆ ಬೇಕು? ಪ್ಲೇಯರ್ ಮುಂದೆ ಯುಎಸ್‌ಬಿ ಇದೆಯಾ ನೋಡಿ. ಇದ್ದರೆ, ಜೊತೆಗೆ ಡಿವ್‌ಎಕ್ಸ್ ಅನ್ನುವ ಗುರುತು ಇದ್ದರೆ ಕೆಲಸ ಸುಲಭ. ಎಕ್ಸ್‌ವಿಡ್ ಕೋಡೆಕ್‌ನಲ್ಲಿ (ಕೋಡೆಕ್ ಅಂದರೆ ವಿಡಿಯೋ ಒತ್ತಿ ಚಿಕ್ಕದು ಮಾಡುವ ರೀತಿ) ಎವಿಐ ಫೈಲ್ ಮಾಡಿ. ಅಗಲ 720ಕ್ಕಿಂತ ಜಾಸ್ತಿ ಬೇಡ, ಆಡಿಯೋ ಎಂಪಿ3. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಬೇಕು. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಹಳೇ ಪ್ಲೇಯರ್‌ಗಳಿಗೆ ಅರ್ಥವಾಗುವುದಿಲ್ಲ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ, ಅದಕ್ಕೆ ಗಂಟೆಗೊಂದು ಫೈಲ್ ಮಾಡಿ. ಮೊಬೈಲ್‌ನ ಎಂಪಿ4 ಹಾಗೇ ಹಾಕಿದರೆ ಓಡುವುದಿಲ್ಲ. ಅದರೊಳಗಿರುವುದು ಎಚ್.264 ಅಥವಾ ಎಚ್.265 ಕೋಡೆಕ್. ಆ ಪ್ಲೇಯರ್‌ಗಳು ಅದನ್ನು ಬಿಡಿಸಲಾರವು.


ಅಡಿಕೆತೋಟ:

ಥ್ಯಾಂಕ್ಸ್. ಯುಎಸ್‌ಬಿ ಇದೆ, ಡಿವ್‌ಎಕ್ಸ್ ಗುರುತು ಇಲ್ಲ. ಹಾಡು ಮತ್ತು ಫೋಟೋ ಮಾತ್ರ ಬರುತ್ತದೆ. ಗೆಳೆಯನ ಹತ್ತಿರ ಇದ್ದ ಒಂದು ಎವಿಐ ಹಾಕಿ ನೋಡಿದೆ, ಪಟ್ಟಿಯಲ್ಲಿ ಕಾಣಿಸಲೇ ಇಲ್ಲ.

ಅದೂ ಅಲ್ಲದೆ ಅಪ್ಪನಿಗೆ ಕೈಯಲ್ಲಿ ಹಿಡಿಯುವ ವಸ್ತು ಬೇಕು. ಕವರ್ ಮೇಲೆ ಪ್ರಸಂಗದ ಹೆಸರು, ಭಾಗವತರು ಯಾರು, ಯಾರದ್ದು ಯಾವ ಪಾತ್ರ ಎಲ್ಲ ಬರೆದಿಡುತ್ತಾರೆ. ಪೆನ್‌ಡ್ರೈವ್ ಮೇಲೆ ಎಲ್ಲಿ ಬರೆಯುವುದು?


ಹಳೇಸ್ಟುಡಿಯೋ:

ಕುಂದಾಪುರ ಕಡೆಯಿಂದ ನಮಸ್ಕಾರ ಮಾರಾಯ್ರೆ. ಮದುವೆ, ಉಪನಯನ, ಆಟ, ಕೋಲ ಎಲ್ಲದರ ವಿಡಿಯೋ ಮಾಡಿ ಹೊಟ್ಟೆ ಹೊರೆದವನು ನಾನು. ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಶುರು ಮಾಡಿ ವಿಸಿಡಿ, ಡಿವಿಡಿ ಎಲ್ಲ ದಾಟಿ ಬಂದೆ. ಈಗ ಎಲ್ಲರೂ ಪೆನ್‌ಡ್ರೈವ್ ಕೇಳುತ್ತಾರೆ. ಡಿವಿಡಿ ಕೇಳುವವರು ಒಬ್ಬರು ಸಿಕ್ಕಿದ್ದೇ ಖುಷಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಅಂಗಡಿಯವರು ಮಾಡಿದ್ದು ಡೇಟಾ ಡಿಸ್ಕ್. ಫೈಲ್ ಎತ್ತಿ ಡಿಸ್ಕ್‌ಗೆ ಹಾಕಿದ್ದಾರೆ ಅಷ್ಟೇ. ಅಪ್ಪನ ಪ್ಲೇಯರ್ ಹುಡುಕುವುದು ಡಿವಿಡಿ ವಿಡಿಯೋ. ಅದರಲ್ಲಿ ಚಿತ್ರ ಎಂಪೆಗ್-2 ಅನ್ನುವ ಕೋಡೆಕ್‌ನಲ್ಲಿ ಇರಬೇಕು. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ ಲೆಕ್ಕಕ್ಕೆ 720 ಇಂಟು 576, ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಆಡಿಯೋ 48 ಕಿಲೋಹರ್ಟ್ಸ್, ಎಸಿ3 ಅಥವಾ ಎಂಪಿ2. ಇದನ್ನೆಲ್ಲ ವಿಡಿಯೋ ಟಿಎಸ್ ಅನ್ನುವ ಫೋಲ್ಡರ್ ಒಳಗೆ ಮೂರು ಥರದ ಫೈಲ್‌ಗಳಾಗಿ ಜೋಡಿಸಬೇಕು. ವಿಒಬಿಯಲ್ಲಿ ಚಿತ್ರ ಮತ್ತು ಶಬ್ದ, ಐಎಫ್‌ಒನಲ್ಲಿ ಯಾವುದು ಎಲ್ಲಿದೆ ಅನ್ನುವ ವಿವರ, ಬಿಯುಪಿ ಅದರದ್ದೇ ಇನ್ನೊಂದು ಪ್ರತಿ. ವಿಒಬಿ 1 ಜಿಬಿಗೊಂದು ತುಂಡಾಗಿ ಕಾಣುತ್ತದೆ. ಅದು ಹಾಗೇ ಇರುವುದು, ಗಾಬರಿ ಬೇಡ. ಈ ಜೋಡಣೆ ಸಾಫ್ಟ್‌ವೇರ್ ಮಾಡುತ್ತದೆ, ನೀವು ಕೈ ಹಾಕಬೇಕಿಲ್ಲ.

ಈಗ ಮುಖ್ಯ ವಿಷಯ. ಒಂದು ಡಿಸ್ಕ್‌ಗೆ ಎಷ್ಟು ನಿಮಿಷ ಹಾಕುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಾಫ್ಟ್‌ವೇರ್ ಯಾವುದು ಅನ್ನುವುದು ಆಮೇಲಿನ ಮಾತು.

ಮಾಮೂಲಿ ಡಿವಿಡಿಯಲ್ಲಿ 4.7 ಜಿಬಿ ಅಂತ ಬರೆದಿರುತ್ತದೆ. ಕಂಪ್ಯೂಟರ್ ಅದನ್ನೇ 4.37 ಅಂತ ತೋರಿಸುತ್ತದೆ. ಜಾಗ ಕದ್ದಿಲ್ಲ, ಎಣಿಸುವ ರೀತಿ ಬೇರೆ. ಆ ಜಾಗವನ್ನು ನಿಮ್ಮ 220 ನಿಮಿಷಕ್ಕೆ ಹಂಚಿದರೆ ಸೆಕೆಂಡಿಗೆ ಸಿಗುವುದು ಚಿತ್ರ, ಶಬ್ದ ಎರಡೂ ಸೇರಿ 2.8 ಮೆಗಾಬಿಟ್. ಸಾಲುವುದಿಲ್ಲ. ಎರಡು ಡಿಸ್ಕ್ ಮಾಡಿದರೆ ಒಂದಕ್ಕೆ 110 ನಿಮಿಷ, ಸೆಕೆಂಡಿಗೆ 5.7 ಸಿಗುತ್ತದೆ. ಆಡಿಯೋಗೆ, ಅದಕ್ಕೆ ಇದಕ್ಕೆ ಅಂತ ಬಿಟ್ಟರೂ ಚಿತ್ರಕ್ಕೆ 5 ಉಳಿಯುತ್ತದೆ. ಇದು ಚೆನ್ನಾಗಿ ಕಾಣುತ್ತದೆ. ಚಿತ್ರಕ್ಕೆ ಡಿವಿಡಿ ನಿಯಮದ ಮೇಲ್ಮಿತಿ 9.8. ಆದರೆ ಮನೆಯಲ್ಲಿ ಸುಟ್ಟ, ಅಂದರೆ ರೈಟರ್‌ನಲ್ಲಿ ಬರೆದ ಡಿಸ್ಕ್‌ನಲ್ಲಿ 8 ದಾಟಿಸಬೇಡಿ. ಹಳೇ ಪ್ಲೇಯರ್ ತಡವರಿಸುತ್ತದೆ.

ಮದುವೆ ಕಾಲದಲ್ಲಿ ಇದು ದಿನಾ ಜಗಳ. ಹಿಂದಿನ ದಿನದ ಮೆಹಂದಿಯಿಂದ ಶುರುವಾಗಿ ಊಟದ ಪಂಕ್ತಿ ತನಕ ಎಲ್ಲ ಒಂದೇ ಡಿಸ್ಕ್‌ನಲ್ಲಿ ಬೇಕು ಅನ್ನುವವರು. ಹಾಕಿಕೊಟ್ಟರೆ ಏನಾಗುತ್ತದೆ ಗೊತ್ತಾ? ಗಂಡು ಹೆಣ್ಣು ಸುಮ್ನೆ ಕುಳಿತಿರುವಾಗ ಚಿತ್ರ ಚೊಕ್ಕವಾಗಿರುತ್ತದೆ. ಧಾರೆ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ ನೋಡಿ, ಅಲ್ಲಿಗೆ ಮುಗಿಯಿತು. ಒಂದೊಂದು ಕಾಳೂ ಒಂದೊಂದು ದಿಕ್ಕಿಗೆ ಹಾರುತ್ತದೆ. ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸುವುದು ಎಂಪೆಗ್‌ನ ರೀತಿ. ಇಲ್ಲಿ ಊಹಿಸಲು ಏನೂ ಇಲ್ಲ. ಬಿಟ್ ಸಾಲದೆ ವಧುವಿನ ಮುಖವೆಲ್ಲ ಚೌಕ ಚೌಕ. ಇಡೀ ಮದುವೆಯಲ್ಲಿ ಜನ ಮತ್ತೆ ಮತ್ತೆ ಹಾಕಿ ನೋಡುವುದು ಅದೊಂದೇ ಜಾಗ!

ಆಟದಲ್ಲೂ ಹಾಗೇ. ಅರ್ಥ ಹೇಳುವಾಗ ಇಬ್ಬರು ನಿಂತು ಮಾತಾಡುತ್ತಾರೆ, ಹಿಂದೆ ಪರದೆ ಅಲ್ಲಾಡುವುದಿಲ್ಲ. ಅದಕ್ಕೆ 2 ಮೆಗಾಬಿಟ್ ಕೊಟ್ಟರೂ ನಡೆಯುತ್ತದೆ. ಮಂಡಿ ಕುಣಿತಕ್ಕೆ ಇಳಿದರೆ 7 ಕೊಟ್ಟರೂ ಕಡಿಮೆಯೇ. ಹಾಗಾಗಿ ಎಲ್ಲ ಕಡೆ ಒಂದೇ ಸಮ ಕೊಡಬಾರದು. ಎರಡು ಪಾಸ್ ಅನ್ನುವ ಆಯ್ಕೆ ಇದ್ದರೆ ಅದನ್ನೇ ಹಾಕಿ. ಪಂಕ್ತಿಗೆ ಎಷ್ಟು ಜನ ಅಂತ ಎಣಿಸಿಕೊಂಡು ಆಮೇಲೆ ಅಕ್ಕಿ ಹಾಕಿದ ಹಾಗೆ, ಮೊದಲ ಪಾಸ್‌ನಲ್ಲಿ ಎಲ್ಲಿ ಎಷ್ಟು ಬೇಕು ಅಂತ ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಹಂಚುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ. ರಾತ್ರಿ ಹಾಕಿ ಮಲಗಿ.

ಸಾಫ್ಟ್‌ವೇರ್ ಅಂದರೆ ಡಿವಿಡಿಸ್ಟೈಲರ್ ಸುಲಭ, ಉಚಿತ. ಎವಿಎಸ್‌ಟುಡಿವಿಡಿ ಅಂತ ಇನ್ನೊಂದಿದೆ. ವಿಂಡೋಸ್‌ಗೆ ಮಾತ್ರ, ನೋಡಲು ಚಂದ ಇಲ್ಲ, ಆದರೆ ಎರಡು ಪಾಸ್ ಮಾಡುತ್ತದೆ. ಕುಣಿತ ಜಾಸ್ತಿ ಇರುವುದಕ್ಕೆ ನಾನು ಅದನ್ನೇ ಹಾಕುವುದು. ಸುಡಲು ಇಮ್ಗ್‌ಬರ್ನ್. ಹಳೆಯದು, 2013ರ ನಂತರ ಹೊಸ ಆವೃತ್ತಿ ಬಂದಿಲ್ಲ, ಆದರೂ ಕೆಲಸ ಗಟ್ಟಿ. ಇಳಿಸಿಕೊಳ್ಳುವಾಗ ಹುಷಾರು. ಸಿಕ್ಕಸಿಕ್ಕ ಡೌನ್‌ಲೋಡ್ ಸೈಟ್‌ಗಳಲ್ಲಿ ಅದರ ಜೊತೆ ಬೇಡದ್ದೆಲ್ಲ ಅಂಟಿಸಿ ಕೊಡುತ್ತಾರೆ.

ಕ್ಯಾಮೆರಾದ ಎಂಟಿಎಸ್ ತುಂಡುಗಳನ್ನು ಮೊದಲು ಸೇರಿಸಿಕೊಳ್ಳಿ. ಕ್ಯಾಮೆರಾ ತಾನೇ 2 ಜಿಬಿಗೊಮ್ಮೆ ಕತ್ತರಿಸಿದ್ದು ಅದು. ಬೇರೆ ಬೇರೆಯಾಗಿ ಕನ್ವರ್ಟ್ ಮಾಡಿ ಜೋಡಿಸಿದರೆ ಕೂಡುವ ಜಾಗದಲ್ಲಿ ಮದ್ದಲೆಯ ಒಂದು ಪೆಟ್ಟು ನುಂಗಿಹೋಗುತ್ತದೆ. ಬೇರೆಯವರಿಗೆ ಗೊತ್ತಾಗದಿರಬಹುದು, ಆಟ ನೋಡಿ ಪಳಗಿದವರಿಗೆ ಗೊತ್ತಾಗುತ್ತದೆ. ಟಿಎಸ್‌ಮಕ್ಸರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮೊದಲ ತುಂಡು ಹಾಕಿ, ಉಳಿದವನ್ನು ಅಪೆಂಡ್ ಅಂತ ಸೇರಿಸಿ. ಕನ್ವರ್ಟ್ ಮಾಡುವುದಿಲ್ಲ, ಸುಮ್ನೆ ಹೊಲಿಯುತ್ತದೆ. ಗುಣಮಟ್ಟ ಇದ್ದ ಹಾಗೇ ಇರುತ್ತದೆ.

ಎರಡು ಡಿಸ್ಕ್ ಅಂದೆನಲ್ಲ, ಗಡಿಯಾರ ನೋಡಿ ಸರಿಯಾಗಿ 110ಕ್ಕೆ ಕತ್ತರಿಸಬೇಡಿ. ಒಂದು ಪಾತ್ರ ಒಳಗೆ ಹೋಗಿ ಭಾಗವತರು ಮುಂದಿನ ಪದ್ಯ ಎತ್ತುವ ಮೊದಲು ಒಂದು ಉಸಿರಿನ ಜಾಗ ಇರುತ್ತದೆ. ಅಲ್ಲಿ ಕತ್ತರಿ ಹಾಕಿ. ಒಂದರಲ್ಲಿ 104 ನಿಮಿಷ, ಇನ್ನೊಂದರಲ್ಲಿ 116 ಆದರೂ ತೊಂದರೆ ಇಲ್ಲ. ಅರ್ಧ ಪದ್ಯದಲ್ಲಿ ಡಿಸ್ಕ್ ಬದಲಿಸಿ ಅಂದರೆ ಅಪ್ಪನ ಹತ್ತಿರ ನೀವೇ ಬೈಸಿಕೊಳ್ಳುವುದು.

ಮೆನು ಹಾಕಲೇಬೇಡಿ. ಇದು ನನ್ನ ಕಟ್ಟಾ ಅಭಿಪ್ರಾಯ. ಹೂವಿನ ಚಿತ್ರ, ಹಿನ್ನೆಲೆ ಸಂಗೀತ, 'ಪ್ಲೇ' ಅನ್ನುವ ಗುಂಡಿ ಎಲ್ಲ ನಮ್ಮ ಸ್ಟುಡಿಯೋದವರ ಷೋಕಿ. ರಿಮೋಟ್ ಮುಟ್ಟದವರ ಮುಂದೆ ಆ ಮೆನು ಗಂಟೆಗಟ್ಟಲೆ ಹಾಗೇ ನಿಂತಿರುತ್ತದೆ. ಡಿವಿಡಿಸ್ಟೈಲರ್‌ನಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಟೆಂಪ್ಲೇಟ್ ಬೇಡ ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿ. ಟ್ರೇ ಒಳಗೆ ಹೋದ ತಕ್ಷಣ ಚೆಂಡೆ ಕೇಳಬೇಕು. ಅದರ ಬದಲು ಚಾಪ್ಟರ್, ಅಂದರೆ ನೆಕ್ಸ್ಟ್ ಒತ್ತಿದರೆ ನೇರ ಹಾರಿ ಹೋಗುವ ಗುರುತು, ಚೆನ್ನಾಗಿ ಹಾಕಿ. 5 ನಿಮಿಷಕ್ಕೊಂದು ಅಂತ ಕಣ್ಣು ಮುಚ್ಚಿ ಹಾಕುವುದಕ್ಕಿಂತ ಒಂದೊಂದು ಪಾತ್ರದ ಪ್ರವೇಶಕ್ಕೆ ಒಂದು ಹಾಕಿ. ಪ್ಲೇಯರ್ ಮೈಮೇಲೇ ನೆಕ್ಸ್ಟ್ ಗುಂಡಿ ಇದ್ದರೆ ಅಪ್ಪ ಅದನ್ನು ಕಲಿಯುತ್ತಾರೆ. ಯಾಕೆಂದರೆ ಹಳೇ ಪ್ಲೇಯರ್‌ಗಳಲ್ಲಿ ಬಹಳಷ್ಟು, ಡಿಸ್ಕ್ ತೆಗೆದು ಮತ್ತೆ ಹಾಕಿದರೆ ಎಲ್ಲಿ ನಿಲ್ಲಿಸಿದ್ದು ಅನ್ನುವುದನ್ನು ಮರೆಯುತ್ತವೆ. ಮಧ್ಯೆ ಕರೆಂಟ್ ಹೋದರೂ ಅಷ್ಟೇ. ನಿಮ್ಮ ಕಡೆ ಕರೆಂಟ್ ಹೋಗುವುದು ಹೊಸತಲ್ಲವಲ್ಲ.

ಖಾಲಿ ಡಿಸ್ಕ್ ಡಿವಿಡಿ ಮೈನಸ್ ಆರ್ ತಗೊಳ್ಳಿ. ಬೆಂಗಳೂರಲ್ಲಿ ಇದ್ದೀರಿ, ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಪ್ಲಸ್ ಆರ್ ಕೂಡ ಬಹಳ ಕಡೆ ಓಡುತ್ತದೆ, ಆದರೆ ತುಂಬಾ ಹಳೇ ಪ್ಲೇಯರ್‌ಗೆ ಮೈನಸ್ಸೇ ವಾಸಿ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಬೇಡ. ಅದರ ಮೇಲ್ಮೈ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ. ಸವೆದ ಲೆನ್ಸ್‌ಗೆ ಓದಲು ಕಷ್ಟ. ಎರಡು ಪದರದ 8.5 ಜಿಬಿ ಡಿಸ್ಕ್ ಬಗ್ಗೆ ಯಾರಾದರೂ ಹೇಳಿದರೆ ಕೇಳಬೇಡಿ. ಪದರ ಬದಲಾಗುವ ಜಾಗದಲ್ಲಿ ಹಳೇ ಪ್ಲೇಯರ್‌ಗಳು ಸಿಕ್ಕಿಬೀಳುತ್ತವೆ.

ಡಿಸ್ಕ್ ಮೇಲೆ 16ಎಕ್ಸ್ ಅಂತ ಬರೆದಿದ್ದರೂ 8ಎಕ್ಸ್ ವೇಗದಲ್ಲಿ ಸುಡಿ. ಸುಮಾರು 10 ನಿಮಿಷ. ಇಮ್ಗ್‌ಬರ್ನ್‌ನಲ್ಲಿ ವೆರಿಫೈ ಟಿಕ್ ಮಾಡಿ, ಬರೆದದ್ದು ಸರಿ ಇದೆಯಾ ಅಂತ ಓದಿ ನೋಡುತ್ತದೆ. ರೈಟರ್ ವೈರನ್ನು ಲ್ಯಾಪ್‌ಟಾಪ್‌ಗೇ ಚುಚ್ಚಿ, ಹಬ್ ಮೂಲಕ ಬೇಡ, ಕರೆಂಟ್ ಸಾಲುವುದಿಲ್ಲ. ವೈರ್‌ಗೆ ಎರಡು ಯುಎಸ್‌ಬಿ ಪಿನ್ ಇದ್ದರೆ ಎರಡನ್ನೂ ಹಾಕಬೇಕು.


ಪೆಂಗ್ವಿನ್‌ಪ್ರಿಯ:

ಹಳೇಸ್ಟುಡಿಯೋ ಅವರು ಹೇಳಿದ್ದು ಬಹುಪಾಲು ಸರಿ. ಮೊಬೈಲ್ ಫೈಲ್ ಬಗ್ಗೆ ಒಂದು ಮಾತು ಬಿಟ್ಟಿದ್ದಾರೆ. ಮೊಬೈಲ್‌ಗಳು ಫ್ರೇಮ್ ರೇಟ್ ಒಂದೇ ಸಮ ಇಡುವುದಿಲ್ಲ. ಬೆಳಕು ಕಡಿಮೆಯಾದರೆ ತಾವೇ ಇಳಿಸುತ್ತವೆ. ಫೈಲ್‌ನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದು ನೋಡಿ, ಫ್ರೇಮ್ ರೇಟ್ ಮೋಡ್ 'ವೇರಿಯಬಲ್' ಅಂತ ಇರುತ್ತದೆ. ಅದನ್ನು ನೇರ ಡಿವಿಡಿ ಸಾಫ್ಟ್‌ವೇರ್‌ಗೆ ಕೊಟ್ಟರೆ ಶುರುವಿನಲ್ಲಿ ತುಟಿ, ಮಾತು ಸರಿ ಇದ್ದು ಹೋಗ್ತಾ ಹೋಗ್ತಾ ಬೇರೆಯಾಗುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್‌ನಲ್ಲಿ ಕಾನ್‌ಸ್ಟಂಟ್ (ಒಂದೇ ಸಮ) ಅಂತ ಆಯ್ಕೆ ಮಾಡಿ ಇನ್ನೊಂದು ಎಂಪಿ4 ಮಾಡಿಕೊಳ್ಳಬೇಕು. ಹ್ಯಾಂಡ್‌ಬ್ರೇಕ್ ಡಿವಿಡಿ ಮಾಡುವುದಿಲ್ಲ, ನೆನಪಿರಲಿ. ಅದು ಎಂಪಿ4, ಎಂಕೆವಿ ಥರದ್ದನ್ನಷ್ಟೇ ಕೊಡುತ್ತದೆ.

ಇನ್ನೊಂದು. ಮೊಬೈಲ್ 30 ಫ್ರೇಮ್‌ನಲ್ಲಿ ತೆಗೆದಿದ್ದರೆ ಪಾಲ್‌ಗೆ ಯಾಕೆ ಇಳಿಸಬೇಕು? ಪ್ರತಿ ಆರರಲ್ಲಿ ಒಂದು ಫ್ರೇಮ್ ಬಿಸಾಡಬೇಕಾಗುತ್ತದೆ, ಕುಣಿತ ಜರ್ಕ್ ಹೊಡೆಯುತ್ತದೆ. ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಡಿಸ್ಕ್ ಮಾಡಿ. 720 ಇಂಟು 480, ಸೆಕೆಂಡಿಗೆ 29.97. ನಮ್ಮಲ್ಲಿ ಮಾರಿದ ಪ್ಲೇಯರ್‌ಗಳು ಹೆಚ್ಚಾಗಿ ಎರಡನ್ನೂ ಓದುತ್ತವೆ.

ಲಿನಕ್ಸ್ ಇದ್ದವರಿಗೆ ಸುಡಲು ಕೆ3ಬಿ ಇದೆ. ಡಿವಿಡಿಸ್ಟೈಲರ್ ಅಲ್ಲೂ ಸಿಗುತ್ತದೆ.


ಹಳೇಸ್ಟುಡಿಯೋ:

ಪೆಂಗ್ವಿನ್‌ಪ್ರಿಯರೇ, ಫ್ರೇಮ್ ರೇಟ್ ವಿಷಯ ಒಪ್ಪಿದೆ. ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಕತ್ತಲಲ್ಲಿ ಮೊಬೈಲ್‌ನಲ್ಲಿ ತೆಗೆದರೆ ಅದು ಆಗಿಯೇ ಆಗುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಆರ್‌ಎಫ್ ಅನ್ನುವ ಗುಣಮಟ್ಟದ ಅಂಕಿಯನ್ನು 16ರ ಹತ್ತಿರ ಇಡಿ. ಫೈಲ್ ದೊಡ್ಡದಾಗುತ್ತದೆ, ಆಗಲಿ. ಅದು ಮಧ್ಯದ ಹಂತ, ಆಮೇಲೆ ಅಳಿಸುವುದೇ ಅಲ್ವಾ. ಎರಡು ಸಲ ಕನ್ವರ್ಟ್ ಆಯಿತಲ್ಲ ಅನ್ನುವ ಚಿಂತೆ 576 ಸಾಲಿಗೆ ಇಳಿಯುವಾಗ ಬೇಡ. ಕ್ಯಾಮೆರಾದ ಎಂಟಿಎಸ್‌ಗೆ ಈ ಸುತ್ತು ಬೇಕಿಲ್ಲ. ಅದರ ಫ್ರೇಮ್ ರೇಟ್ ಮೊದಲೇ ಸಮ.

ಎನ್‌ಟಿಎಸ್‌ಸಿ ಮಾತ್ರ ಇವರಿಗೆ ನಾನು ಹೇಳುವುದಿಲ್ಲ. ಪ್ಲೇಯರ್ ಓದುತ್ತದೆ ಸರಿ. ದಪ್ಪ ಟಿವಿ? ಕೆಲವು ಟಿವಿಗಳಲ್ಲಿ ಎನ್‌ಟಿಎಸ್‌ಸಿ ಹಾಕಿದರೆ ಬಣ್ಣ ಹೋಗಿ ಕಪ್ಪು ಬಿಳುಪು ಬರುತ್ತದೆ, ಇಲ್ಲವೇ ಚಿತ್ರ ಮೇಲಿಂದ ಕೆಳಗೆ ಉರುಳುತ್ತದೆ. ಯಕ್ಷಗಾನವನ್ನು ಕಪ್ಪು ಬಿಳುಪಲ್ಲಿ ನೋಡಿ ಏನು ಪ್ರಯೋಜನ ಮಾರಾಯ್ರೆ! ಅದೂ ಅಲ್ಲದೆ ಇವರ ಮುಖ್ಯ ಫೈಲ್ ಭಾವನ ಕ್ಯಾಮೆರಾದ್ದು. ನಮ್ಮಲ್ಲಿ ಸಿಗುವ ಕ್ಯಾಮ್‌ಕಾರ್ಡರ್ ಆದರೆ ಅದು 50ಐ ಇರುತ್ತದೆ, ಅಂದರೆ ಪಾಲ್ ಲೆಕ್ಕವೇ. ನಡುವೆ ಸೇರಿಸುವ ನಾಲ್ಕು ಮೊಬೈಲ್ ತುಣುಕಿಗೋಸ್ಕರ ಇಡೀ ಆಟವನ್ನು ಬದಲಿಸುವುದು ಬೇಡ.

50ಐ ಅಂದೆನಲ್ಲ, ಅದು ಇಂಟರ್‌ಲೇಸ್ ಆದ ಚಿತ್ರ. ಒಂದು ಫ್ರೇಮ್‌ನ ಬೆಸ ಸಾಲು ಒಂದು ಸಲ, ಸಮ ಸಾಲು ಇನ್ನೊಂದು ಸಲ. ದಪ್ಪ ಟಿವಿ ಚಿತ್ರ ಬಿಡಿಸುವುದೂ ಹಾಗೇ. ಹಾಗಾಗಿ ಇಂಟರ್‌ಲೇಸ್ ಇದ್ದ ಹಾಗೇ ಉಳಿಸಿದರೆ ಅಪ್ಪನ ಟಿವಿಯಲ್ಲಿ ಕುಣಿತ ನಯವಾಗಿ ಕಾಣುತ್ತದೆ. ಆದರೆ ಯಾವ ಸಾಲು ಮೊದಲು ಅನ್ನುವುದು ತಪ್ಪಬಾರದು. ಟೇಪ್ ಕಾಲದ ಡಿವಿ ಕ್ಯಾಮೆರಾಗಳಲ್ಲಿ ಕೆಳಗಿನ ಸಾಲು ಮೊದಲು. ಈಗಿನ ಎಂಟಿಎಸ್ ಕೊಡುವ ಕ್ಯಾಮೆರಾಗಳಲ್ಲಿ ಮೇಲಿನದು ಮೊದಲು. ತಪ್ಪಿದರೆ ಕೈ ಎತ್ತಿದ ವೇಷಧಾರಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋದ ಹಾಗೆ ಚಿತ್ರ ನಡುಗುತ್ತದೆ. ಕಂಪ್ಯೂಟರ್‌ನಲ್ಲಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಟಿವಿಯಲ್ಲೇ ಗೊತ್ತಾಗುವುದು. ಇಷ್ಟೆಲ್ಲ ತಲೆಬಿಸಿ ಬೇಡ ಅಂದರೆ ಡಿ-ಇಂಟರ್‌ಲೇಸ್ ಮಾಡಿಬಿಡಿ, ಅಂದರೆ ಬೆಸ ಸಮ ಅಂತ ಬಿಡಿಸದೆ ಪೂರ್ತಿ ಚಿತ್ರವನ್ನಾಗಿ ಮಾಡಿ. ಸ್ವಲ್ಪ ನಯ ಹೋಗುತ್ತದೆ, ನಡುಕ ಬರುವುದಿಲ್ಲ.

ಪೂರ್ತಿ ಆಟ ಮಾಡುವ ಮುಂಚೆ ಒಂದು ಜೋರು ಕುಣಿತದ 10 ನಿಮಿಷ ಮಾತ್ರ ತೆಗೆದು ಡಿಸ್ಕ್ ಮಾಡಿ ಊರಿಗೆ ಒಯ್ಯಿರಿ. ಆ ಪ್ಲೇಯರ್, ಆ ಟಿವಿಯಲ್ಲೇ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಂಡಿತು ಅನ್ನುವುದು ಲೆಕ್ಕಕ್ಕಿಲ್ಲ.


ಅಡಿಕೆತೋಟ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸ್ಟುಡಿಯೋ ಸರ್ ಹೇಳಿದ ಹಾಗೇ ಮಾಡಿದೆ. ಎಂಟಿಎಸ್ ತುಂಡು ಸೇರಿಸಿ, ಒಂದು ಯುದ್ಧದ ಸನ್ನಿವೇಶ ತೆಗೆದು, ಎವಿಎಸ್‌ಟುಡಿವಿಡಿಯಲ್ಲಿ ಹಾಕಿ ಟೆಸ್ಟ್ ಡಿಸ್ಕ್ ಸುಟ್ಟು ಊರಿಗೆ ಒಯ್ದೆ. ಟ್ರೇ ಒಳಗೆ ಹೋಗಿ ತಾನೇ ಶುರುವಾಯಿತು. ಅಪ್ಪ ಕನ್ನಡಕ ಹಾಕಿಕೊಂಡು ಮುಂದೆ ಬಂದು ಕೂತರು. ಮೊದಲ ಮಾತೇ, "ಇವನು ಯಾಕೆ ಇಷ್ಟು ಸಪೂರ ಆಗಿದ್ದಾನೆ?"

ನಿಜ, ಎಲ್ಲರೂ ಉದ್ದಕ್ಕೆ ಎಳೆದ ಹಾಗಿದ್ದಾರೆ. ದುಂಡಗಿನ ಮುಖ ಮೊಟ್ಟೆಯಾಗಿದೆ. ಎರಡನೆಯದು, ಕಿರೀಟದ ತುದಿ ಕಾಣುತ್ತಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತದೆ, ಟಿವಿಯಲ್ಲಿ ಕತ್ತರಿಸಿದ ಹಾಗಿದೆ. ಮೂರನೆಯದು, ನಡುವೆ ಹಾಕಿದ ಮೊಬೈಲ್ ತುಣುಕಿನಲ್ಲಿ ಚೆಂಡೆ ಬಡಿದಾಗೆಲ್ಲ ಶಬ್ದ ಕರಕರ ಅನ್ನುತ್ತದೆ. ಆಡಿಯೋ ಬಿಟ್‌ರೇಟ್ ಏರಿಸಿದರೆ ಸರಿಯಾಗುತ್ತದಾ?


ಹಳೇಸ್ಟುಡಿಯೋ:

ಅಪ್ಪನ ಕಣ್ಣು ಒಳ್ಳೇ ಕಣ್ಣು.

ಸಪೂರ ಆಗಿದ್ದು ಡಿಸ್ಕ್‌ನ ತಪ್ಪಲ್ಲ. ನಿಮ್ಮ ವಿಡಿಯೋ 16:9, ಟಿವಿ 4:3. ಪ್ಲೇಯರ್‌ಗೆ ಯಾವ ಟಿವಿ ಹಾಕಿದ್ದೀರಿ ಅಂತ ಗೊತ್ತಿಲ್ಲ. ರಿಮೋಟ್‌ನಲ್ಲಿ ಸೆಟಪ್ ಒತ್ತಿ, ಟಿವಿ ಟೈಪ್ ಅಥವಾ ಟಿವಿ ಡಿಸ್‌ಪ್ಲೇ ಅಂತ ಇರುತ್ತದೆ. ಈಗ 16:9 ಅಂತ ಇದ್ದಿರಬೇಕು. ಅದನ್ನು 4:3 ಎಲ್‌ಬಿ ಮಾಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಮುಖ ದುಂಡಗಾಗುತ್ತದೆ. ಪಕ್ಕದಲ್ಲೇ 4:3 ಪಿಎಸ್ ಇರುತ್ತದೆ, ಅದು ಬೇಡ. ಅದು ಎರಡೂ ಬದಿ ಕತ್ತರಿಸಿ ತೆರೆ ತುಂಬಿಸುತ್ತದೆ. ಎದುರುಬದುರು ನಿಂತ ಇಬ್ಬರಲ್ಲಿ ಇಬ್ಬರೂ ಅರ್ಧರ್ಧ ಕಾಣುತ್ತಾರೆ. ಈ ಸೆಟ್ಟಿಂಗ್ ಒಂದು ಸಲ ಮಾಡಿದರೆ ಸಾಕು. ಅಪ್ಪನ ಹಳೇ ವಿಸಿಡಿಗಳಿಗೆ ಇದರಿಂದ ತೊಂದರೆ ಇಲ್ಲ, ಅವು ಮೊದಲೇ 4:3.

ಕಿರೀಟ ಹೋಗಿದ್ದು ಓವರ್‌ಸ್ಕ್ಯಾನ್. ದಪ್ಪ ಟಿವಿಗಳು ಚಿತ್ರದ ಅಂಚನ್ನು ನಾಲ್ಕೂ ಕಡೆ ಸ್ವಲ್ಪ ಚೌಕಟ್ಟಿನ ಹಿಂದೆ ಅಡಗಿಸುತ್ತವೆ. ಎಲ್‌ಬಿ ಮಾಡಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿಯೇ ಅಡಗುತ್ತದೆ, ಕಿರೀಟ ಪೂರ್ತಿ ಬರುತ್ತದೆ. ಎಡ ಬಲದಲ್ಲಿ ಮಾತ್ರ ಸ್ವಲ್ಪ ಹೋಗುತ್ತದೆ. ಪ್ರಸಂಗದ ಹೆಸರು, ಕಲಾವಿದರ ಹೆಸರು ಅಕ್ಷರದಲ್ಲಿ ಹಾಕುವುದಾದರೆ ಅಂಚಿನಿಂದ ಹತ್ತರಲ್ಲೊಂದು ಪಾಲು ಒಳಗೆ ಹಾಕಿ. ಮುಂದಿನ ವರ್ಷ ಭಾವನಿಗೂ ಒಂದು ಮಾತು ಹೇಳಿ, ವೇಷದ ತಲೆಯ ಮೇಲೆ ಗಾಳಿ ಬಿಡಲಿ.

ಚೆಂಡೆಯ ಕರಕರಕ್ಕೆ ಬಿಟ್‌ರೇಟ್ ಮದ್ದಲ್ಲ. ಅದು ರೆಕಾರ್ಡ್ ಆಗುವಾಗಲೇ ಒಡೆದ ಶಬ್ದ. ಚೆಂಡೆ ಪೆಟ್ಟಿನ ಹತ್ತಿರ ಮೊಬೈಲ್ ಹಿಡಿದರೆ ಅದರ ಮೈಕ್ ತಡೆಯುವುದಿಲ್ಲ. ಒಂದು ಉಪಾಯ ಇದೆ. ಮೊಬೈಲ್‌ನ ಚಿತ್ರ ಮಾತ್ರ ಇಟ್ಟುಕೊಂಡು ಅದರ ಶಬ್ದ ತೆಗೆದುಹಾಕಿ. ದೂರದಲ್ಲಿದ್ದ ಭಾವನ ಕ್ಯಾಮೆರಾದ ಶಬ್ದವನ್ನೇ ಉದ್ದಕ್ಕೂ ಓಡಿಸಿ. ಯಾವುದಾದರೂ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡರ ಶಬ್ದದ ಅಲೆ ಒಂದರ ಕೆಳಗೊಂದು ಇಟ್ಟು ಒಂದು ಗಟ್ಟಿ ಚೆಂಡೆ ಪೆಟ್ಟಿಗೆ ಹೊಂದಿಸಿದರೆ ಆಯಿತು. ಮದುವೆಗಳಲ್ಲಿ ಎರಡು ಕ್ಯಾಮೆರಾ ಹಾಕಿದಾಗ ನಾವು ಗಟ್ಟಿಮೇಳದ ಮೊದಲ ಡೋಲಿನ ಪೆಟ್ಟಿಗೆ ಹೊಂದಿಸುತ್ತಿದ್ದೆವು. ಆಮೇಲೆ ಡಿಸ್ಕ್‌ಗೆ ಎಸಿ3, 256 ಕಿಲೋಬಿಟ್ ಇಡಿ. ಭಾಗವತರ ಕಂಠಕ್ಕೆ ಅಷ್ಟಾದರೂ ಬೇಕು.


ಅಡಿಕೆತೋಟ:

ಸೆಟ್ಟಿಂಗ್ ಬಗ್ಗೆ ಫೋನಿನಲ್ಲಿ ತಂಗಿಗೆ ಹೇಳಿ ಬದಲಿಸಿದೆ. ಮುಖ ಸರಿಯಾಯಿತಂತೆ. ಪೂರ್ತಿ ಆಟ ಈ ವಾರ ಸುಡುತ್ತೇನೆ. ಅಪ್ಪನಿಗೆ, ಚಿಕ್ಕಪ್ಪನಿಗೆ, ಮೇಳದವರಿಗೆ ಒಂದೊಂದು ಜೋಡಿ. ಮೇಳದವರನ್ನು ಮೊದಲೇ ಕೇಳಿದ್ದೇನೆ, ಮಾರಬೇಡಿ, ಮನೆಯಲ್ಲಿ ನೋಡಿಕೊಳ್ಳಿ ಅಂದರು. ಡಿಸ್ಕ್ ಮೇಲೆ ವೇಷದ ಫೋಟೋ ಇರುವ ಸ್ಟಿಕ್ಕರ್ ಮಾಡಿಸೋಣ ಅಂತಿದ್ದೇನೆ. ಪರವಾಗಿಲ್ವಾ?


ಹಳೇಸ್ಟುಡಿಯೋ:

ಸ್ಟಿಕ್ಕರ್ ಬೇಡ. ಒಂದು ಕೂದಲಷ್ಟು ಓರೆ ಅಂಟಿದರೂ ತಿರುಗುವಾಗ ತೂಕ ಒಂದು ಕಡೆಗೆ ಎಳೆದು ಡಿಸ್ಕ್ ಅದುರುತ್ತದೆ. ನಿಮ್ಮ ಕಡೆ ಮಳೆಗಾಲದ ಥಂಡಿಗೆ ಕಾಗದ ಉಬ್ಬುತ್ತದೆ, ಅಂಚು ಎದ್ದು ಪ್ಲೇಯರ್ ಒಳಗೆ ಸಿಕ್ಕಿಕೊಂಡರೆ ಡಿಸ್ಕೂ ಹೋಯಿತು, ಪ್ಲೇಯರೂ ಹೋಯಿತು. ಫೋಟೋವನ್ನು ಕವರ್ ಮೇಲೆ ಹಾಕಿ. ಡಿಸ್ಕ್ ಮೇಲೆ ಸಿಡಿ ಮಾರ್ಕರ್‌ನಲ್ಲಿ 1, 2 ಅಂತ ದೊಡ್ಡದಾಗಿ ಬರೆದರೆ ಸಾಕು. ಬಾಲ್‌ಪೆನ್ ಬೇಡ.

ಅಪ್ಪನಿಗೆ ಇನ್ನೊಂದು ವಿಷಯ ಹೇಳಿ. ಡಿವಿಡಿಯಲ್ಲಿ ದತ್ತಾಂಶದ ಪದರ ಇರುವುದು ಎರಡು ತೆಳು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ. ವಿಸಿಡಿಯಲ್ಲಾದರೆ ಅದು ಮೇಲಿನ ಅಕ್ಷರದ ಕೆಳಗೇ. ಹಾಗಾಗಿ ಡಿವಿಡಿಯ ಅಕ್ಷರದ ಬದಿಗೆ ಸಣ್ಣ ಗೀರು ಬಿದ್ದರೆ ಅಷ್ಟು ಭಯ ಇಲ್ಲ, ಬಗ್ಗಿಸಿದರೆ ಭಯ. ಬಿಗಿಯಾದ ಡಬ್ಬಿಯಿಂದ ಎಳೆದು ತೆಗೆಯುವಾಗ ಬಿಲ್ಲು ಮಾಡಬಾರದು, ನಡುವಿನ ಗುಂಡಿ ಒತ್ತಿ ಬಿಡಿಸಬೇಕು. ಬೂಸ್ಟು ಹಿಡಿದರೆ ಮೆತ್ತನೆಯ ಒಣ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಲಿ, ಸುತ್ತಿ ಸುತ್ತಿ ಅಲ್ಲ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಡುವುದು ಬೇಡ, ನಾವು ಸುಡುವ ಡಿಸ್ಕ್‌ನಲ್ಲಿರುವುದು ಬಣ್ಣದ ಪದರ, ಬಿಸಿಲಿಗೆ ಮಾಸುತ್ತದೆ.

ಎಂಟಿಎಸ್ ಮೂಲ ಫೈಲ್‌ಗಳನ್ನು ಅಳಿಸಬೇಡಿ. ಅವು 1080 ಸಾಲಿನವು, ಡಿಸ್ಕ್‌ನಲ್ಲಿ ಉಳಿಯುವುದು 576. ಒಂದು ಹಾರ್ಡ್‌ಡಿಸ್ಕ್‌ನಲ್ಲಿ ನೀವಿಟ್ಟುಕೊಳ್ಳಿ, ಇನ್ನೊಂದು ಪ್ರತಿ ಭಾವನ ಹತ್ತಿರ ಇರಲಿ. ಸಾಧ್ಯವಾದರೆ ವಿಡಿಯೋ ಟಿಎಸ್ ಫೋಲ್ಡರ್ ಕೂಡ ಅದರ ಪಕ್ಕದಲ್ಲೇ ಇಡಿ. ಡಿಸ್ಕ್ ಹಾಳಾದರೆ ಕನ್ವರ್ಟ್ ಮಾಡುವ ಕೆಲಸ ಇಲ್ಲ, ನೇರ ಇನ್ನೊಂದು ಸುಡಬಹುದು.